ಫಾರ್ಮುಲಾ ಕಾರಿನ ಸಸ್ಪೆನ್ಷನ್: ಯಾವ ನಿಯಮ ಖರ್ಚು ಉಳಿಸುತ್ತದೆ?

ಹವ್ಯಾಸಿ ರೇಸಿಂಗ್‌ನ ನಿಯಮ ಪುಸ್ತಕ ಓದುವಾಗ ಸಸ್ಪೆನ್ಷನ್‌ನ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಬಿಡಿಭಾಗದ ಬೆಲೆಯನ್ನು ಕಟ್ಟಿಹಾಕುತ್ತದೆಯೋ, ಪ್ರಯೋಗಿಸಿ ನೋಡಬೇಕಾದ ಆಯ್ಕೆಗಳನ್ನು ಕಡಿಮೆ ಮಾಡುತ್ತದೆಯೋ? ದುಡ್ಡು ಹೆಚ್ಚು ಕರಗುವುದು ಆಯ್ಕೆಗಳಲ್ಲಿ. ಸ್ಪ್ರಿಂಗಿನ ಕುಣಿತ ತಗ್ಗಿಸುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಮ್ಮೆ ಕೊಂಡರೆ ಆಯಿತು. ಅದನ್ನು ಹೊಂದಿಸಲು ಬೇಕಾದ ಟೈರು, ಟ್ರ್ಯಾಕ್ ಬಾಡಿಗೆ, ಸಾಗಾಟ ಮಾತ್ರ ಪ್ರತಿ ಸಲವೂ ಬೇಕು.

ಬೀಟಲ್ ಕಾರಿನ ಭಾಗಗಳಿಂದ ಕಟ್ಟುವ ರೇಸ್ ಕಾರುಗಳ ವರ್ಗ ಫಾರ್ಮುಲಾ ವೀ ಇದಕ್ಕೆ ಒಳ್ಳೆಯ ಪಾಠ. ಮುಂದೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಟಾರ್ಷನ್ ಬೀಮ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಪಟ್ಟಿಗಳಿರುವ ಅಡ್ಡ ಕೊಳವೆ), ಹಿಂದೆ ಅದರದ್ದೇ ಸ್ವಿಂಗ್ ಆ್ಯಕ್ಸಲ್ (ಗೇರ್‌ಬಾಕ್ಸ್ ಬಳಿ ಮಾತ್ರ ಕೀಲಿದ್ದು, ಚಕ್ರದೊಂದಿಗೇ ಮೇಲೆ ಕೆಳಗೆ ತೂಗುವ ಅಚ್ಚು). ಭಾಗಗಳು ಅಗ್ಗ. ಆದರೆ ಸ್ವಿಂಗ್ ಆ್ಯಕ್ಸಲ್‌ಗೆ ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುವ ಚಾಳಿ ಇದೆ. ಎತ್ತಿದಂತೆ ಚಕ್ರ ಒಳಮಡಿಚಿ ಹಿಡಿತ ತಪ್ಪುತ್ತದೆ. ಆ್ಯಕ್ಸಲ್ ಬದಲಿಸುವಂತಿರಲಿಲ್ಲ, ಸ್ಪ್ರಿಂಗ್ ಜೋಡಣೆಗೆ ಅವಕಾಶವಿತ್ತು. ಹಾಗಾಗಿ ಹಿಂದಿನ ಎರಡೂ ಚಕ್ರಗಳಿಗೆ ಒಂದೇ ಸ್ಪ್ರಿಂಗ್ ಕೊಡುವ 'ಝೀರೋ ರೋಲ್' ವ್ಯವಸ್ಥೆ ಬಂತು. ಎರಡೂ ಚಕ್ರ ಒಟ್ಟಿಗೆ ಏರಿದರೆ ಸ್ಪ್ರಿಂಗ್ ಒತ್ತುತ್ತದೆ. ಕಾರು ಪಕ್ಕಕ್ಕೆ ವಾಲಿದರೆ ಲಿಂಕೇಜ್ ಸರಿಯುತ್ತದೆಯೇ ಹೊರತು ಸ್ಪ್ರಿಂಗ್ ಒತ್ತುವುದಿಲ್ಲ. ವಾಲುವಿಕೆಯನ್ನು ತಡೆಯುವ ಹೊಣೆಯೆಲ್ಲ ಮುಂದಿನ ಬೀಮ್ ಮೇಲೆ. ಬಿಟ್ಟ ಒಂದು ಸಂದಿಯಲ್ಲಿ ಇಡೀ ಪೈಪೋಟಿ ನುಗ್ಗಿತು.

ಅಮೆರಿಕದ ಹವ್ಯಾಸಿ ರೇಸಿಂಗ್ ವರ್ಗ ಫಾರ್ಮುಲಾ 500 ಇನ್ನೂ ಕಟ್ಟುನಿಟ್ಟು: ಅದರ ಮೂಲ ಕಲ್ಪನೆಯಲ್ಲಿ ಕಾಯಿಲ್ ಸ್ಪ್ರಿಂಗ್, ಡ್ಯಾಂಪರ್ ಎರಡೂ ಇಲ್ಲ, ರಬ್ಬರ್ ಬಿಲ್ಲೆಗಳೇ ಸ್ಪ್ರಿಂಗ್. ಡ್ಯಾಂಪಿಂಗ್ ಸಿಗುವುದೂ ರಬ್ಬರಿನ ಒಳಘರ್ಷಣೆಯಿಂದಲೇ, ಅದೂ ಅಲ್ಪ. ಬಿಲ್ಲೆ ಅಗ್ಗ, ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ, ಒತ್ತಿ ಒತ್ತಿ ಶಾಶ್ವತವಾಗಿ ತೆಳುವಾಗುತ್ತದೆ. ತೆಳುವಾದ ಕಡೆ ಪ್ರೀಲೋಡ್ (ಜೋಡಿಸುವಾಗಲೇ ಕೊಟ್ಟ ಒತ್ತಡ) ಇಳಿದು ನಾಲ್ಕು ಚಕ್ರಗಳ ತೂಕದ ಹಂಚಿಕೆ ಕೆಡುತ್ತದೆ. ರಬ್ಬರ್ ಬಳಸುವವರು ಪ್ರತಿ ಬಿಲ್ಲೆಯ ದಪ್ಪವನ್ನು ವರ್ನಿಯರ್‌ನಿಂದ, ಗಡಸನ್ನು ಶೋರ್ ಎ ಗೇಜ್‌ನಿಂದ ಅಳೆದು, ಎಡಬಲಕ್ಕೆ ಜೋಡಿ ಮಾಡಿ ಹಾಕಬೇಕು. ಡ್ಯಾಂಪರ್ ನಿಷೇಧಿಸಿದ ಮಾತ್ರಕ್ಕೆ ಪ್ರಯೋಗದ ಖರ್ಚು ನಿಲ್ಲುವುದಿಲ್ಲ, ರಬ್ಬರ್ ಆರಿಸುವ ಕೆಲಸಕ್ಕೆ ವರ್ಗವಾಗುತ್ತದೆ.

ಈಗ ನಮ್ಮ ವಿಷಯಕ್ಕೆ. ಬೆಂಗಳೂರಿನ ಕಾಲೇಜು ತಂಡಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಕಾರು ಒಯ್ಯುವ ಫಾರ್ಮುಲಾ ಭಾರತ್ ಮಾದರಿಯ, ವಿದ್ಯಾರ್ಥಿಗಳೇ ಕಾರು ವಿನ್ಯಾಸ ಮಾಡಿ ಕಟ್ಟುವ ಸ್ಪರ್ಧೆಗಳಲ್ಲಿ ಸಸ್ಪೆನ್ಷನ್ ವಿನ್ಯಾಸ ಬಹುಮಟ್ಟಿಗೆ ಮುಕ್ತ. ಚಾಲಕ ಕುಳಿತಿರುವಾಗ ಚಕ್ರಕ್ಕೆ ಒಟ್ಟು ಕನಿಷ್ಠ 50 ಮಿಮೀ ಚಲನೆ ಇರಬೇಕು, ಅದರಲ್ಲಿ ಮೇಲ್ಮುಖವಾಗಿ ಕನಿಷ್ಠ 25 ಮಿಮೀ. ಹೆಚ್ಚು ಜನ ಎಡವುವುದು ಇಲ್ಲೇ.

ಲೆಕ್ಕ ನೋಡಿ. ಮೋಷನ್ ರೇಷಿಯೊ, ಅಂದರೆ ಚಕ್ರ 1 ಮಿಮೀ ಏರಿದಾಗ ಡ್ಯಾಂಪರ್ ಚಲಿಸುವ ದೂರ, 0.8 ಇರಲಿ. 50 ಮಿಮೀಗೆ ಡ್ಯಾಂಪರ್ ಸ್ಟ್ರೋಕ್ 40 ಮಿಮೀ ಬೇಕು. 40 ಮಿಮೀ ಸ್ಟ್ರೋಕಿನ ಮೌಂಟನ್ ಬೈಕ್ ಡ್ಯಾಂಪರ್ ತಂದರೆ ಕಾಗದದ ಮೇಲೆ ಪಾಸು. ಒಳಗಿನ ಬಂಪ್ ಸ್ಟಾಪ್ (ಕೊನೆಯಲ್ಲಿ ಬಡಿತ ತಡೆಯುವ ಮೆತ್ತೆ) ಪೂರ್ತಿ ಒತ್ತಿಯೂ 5 ಮಿಮೀ ಉಳಿಸಿಕೊಂಡರೆ ನಿಮಗೆ ಸಿಗುವುದು 35, ಚಕ್ರದಲ್ಲಿ 43.75 ಮಿಮೀ. ಹಾಗಾಗಿ ಕಾರನ್ನು ಸಾಗಿಸುವ ಮೊದಲೇ ಅಳೆಯಿರಿ: ಚಾಲಕನನ್ನು ಕೂರಿಸಿ ಹಬ್‌ನಿಂದ ಚಾಸಿಗೆ ಇರುವ ಎತ್ತರ ಗುರುತಿಸಿ, ಆಮೇಲೆ ಸ್ಪ್ರಿಂಗ್ ಕಳಚಿ, ಚಕ್ರವನ್ನು ಜಾಕ್‌ನಿಂದ ತಡೆಯುವವರೆಗೂ ಎತ್ತಿ, ನಂತರ ಪೂರ್ತಿ ಕೆಳಗೆ ಬಿಟ್ಟು ಅಳೆಯಿರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿಯೂ ನೋಡಿ, ಸರಳಿನ ತುದಿಯ ಗುಂಡು ಕೀಲಾದ ರಾಡ್ ಎಂಡ್‌ನ ಕೋನ ಮುಗಿದು ಸಿಕ್ಕಿಕೊಳ್ಳುವುದು ಆಗಲೇ ಗೊತ್ತಾಗುತ್ತದೆ.

ದುಬಾರಿ ಡ್ಯಾಂಪರ್ ಬೇಕೇ? ಒಂದು ಮೂಲೆಯ ಸ್ಪ್ರಂಗ್ ತೂಕ (ಸ್ಪ್ರಿಂಗ್ ಹೊರುವ ತೂಕ) 60 ಕೆಜಿ, ಸ್ಪ್ರಿಂಗ್ 35 ನ್ಯೂಟನ್/ಮಿಮೀ ಎಂದಿಟ್ಟುಕೊಳ್ಳಿ. ಚಕ್ರದಲ್ಲಿ ಮೋಷನ್ ರೇಷಿಯೊದ ವರ್ಗದಿಂದ ಗುಣಿಸಿ 35 × 0.64 = 22.4 ನ್ಯೂಟನ್/ಮಿಮೀ, ಕಂಪನ ಸುಮಾರು 3.1 ಹರ್ಟ್ಸ್. ಡ್ಯಾಂಪಿಂಗ್ ಅನುಪಾತ (ಕುಣಿತ ಎಷ್ಟು ಬೇಗ ಅಡಗಬೇಕೆಂಬ ಅಳತೆ) 0.65 ಬೇಕೆಂದರೆ ಡ್ಯಾಂಪರ್ ಸೆಕೆಂಡಿಗೆ 50 ಮಿಮೀ ವೇಗದಲ್ಲಿ ಸುಮಾರು 118 ನ್ಯೂಟನ್ ಕೊಡಬೇಕು. ಚಕ್ರದಿಂದ ಬರುವ ಸರಳು (ಪುಶ್‌ರಾಡ್) ತಳ್ಳಿದ್ದನ್ನು ಡ್ಯಾಂಪರ್‌ನತ್ತ ತಿರುಗಿಸುವ ಕೀಲುತುಂಡಾದ ಬೆಲ್‌ಕ್ರ್ಯಾಂಕ್ ಬಿಗಿಯಾಗಿ ಘರ್ಷಣೆಯೇ 40 ನ್ಯೂಟನ್ ತಿಂದರೆ ಮೂರರಲ್ಲೊಂದು ಪಾಲು ಹೋಯಿತು. ಡ್ಯಾಂಪರ್ ಹೊಂದಿಸುವ ಗುಂಡಿಯನ್ನು ಎಷ್ಟು ಕ್ಲಿಕ್ ತಿರುಗಿಸಿದರೂ ಕಾರಿಗೆ ಅರ್ಥವಾಗದು. ನಮ್ಮ ಅಭಿಪ್ರಾಯದಲ್ಲಿ ಮೊದಲ ದುಡ್ಡು ಬೆಲ್‌ಕ್ರ್ಯಾಂಕ್‌ಗೆ ಹೋಗಬೇಕು, ಅದೂ ಹೆಚ್ಚೇನಲ್ಲ.

ಅದನ್ನು ಬಿಲೆಟ್ (ಗಟ್ಟಿ) ಅಲ್ಯೂಮಿನಿಯಂನಿಂದ ಕೊರೆಸುವ ಬದಲು ಪೀಣ್ಯದಲ್ಲಿ 3 ಮಿಮೀ ಉಕ್ಕಿನ ತಗಡನ್ನು ಲೇಸರ್ ಕಟ್ ಮಾಡಿಸಿ, ಎರಡು ತಗಡುಗಳ ನಡುವೆ ಬೇರಿಂಗ್ ಸ್ಲೀವ್ ವೆಲ್ಡ್ ಮಾಡಿಸಿ. ವೆಲ್ಡಿಂಗ್‌ನ ಬಿಸಿಗೆ ಸ್ಲೀವ್ ಅಂಡಾಕಾರವಾಗುತ್ತದೆ. ಆದ್ದರಿಂದ ಒಳಗೆ ಅರ್ಧ ಮಿಮೀ ಕಡಿಮೆ ಬಿಟ್ಟು, ವೆಲ್ಡ್ ಆದ ಮೇಲೆ ಒಂದೇ ಸೆಟ್ಟಿಂಗ್‌ನಲ್ಲಿ ಬೋರ್ ಮಾಡಿಸಿ. ಒಳಗಿನ ಸ್ಪೇಸರ್ ಬೆಲ್‌ಕ್ರ್ಯಾಂಕ್‌ನ ಅಗಲಕ್ಕಿಂತ ಕೂದಲೆಳೆಯಷ್ಟು ಉದ್ದವಿರಲಿ, ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಚಾಸಿಯ ಟ್ಯಾಬ್‌ಗಳೇ ಅದನ್ನು ಅದುಮಿ ಹಿಡಿಯುತ್ತವೆ. ಪುಶ್‌ರಾಡ್, ಬೆಲ್‌ಕ್ರ್ಯಾಂಕ್, ಡ್ಯಾಂಪರ್ ಮೂರೂ ಒಂದೇ ಸಮತಲದಲ್ಲಿ ಇವೆಯೇ ಎಂದು ಟ್ಯಾಬ್ ವೆಲ್ಡ್ ಮಾಡುವ ಮುನ್ನವೇ ದಾರ ಎಳೆದು ನೋಡಿಕೊಳ್ಳಿ. ಸ್ಪರ್ಧೆಯಲ್ಲಿ ಕಾರಿನ ತಯಾರಿಕಾ ವೆಚ್ಚ ನೋಡುವ 100 ಅಂಕಗಳ ಕಾಸ್ಟ್ ವಿಭಾಗದ ವರದಿಯಲ್ಲೂ ತಗಡಿನ ಈ ಬೆಲ್‌ಕ್ರ್ಯಾಂಕನ್ನು ಸಮರ್ಥಿಸುವುದು ಸುಲಭ: ಕಚ್ಚಾವಸ್ತು ಕಡಿಮೆ, ಯಂತ್ರದ ಸಮಯ ಕಡಿಮೆ.