ಲುಂಪಿಯಾ ಯಾಕೆ ಬೆರಳಿನಷ್ಟೇ ದಪ್ಪ?

ಫಿಲಿಪೀನ್ಸ್‌ನಲ್ಲಿ ಹುಟ್ಟುಹಬ್ಬ, ಊರಹಬ್ಬ, ಕ್ರಿಸ್‌ಮಸ್ ಏನೇ ಇರಲಿ, ಊಟಕ್ಕೆ ಲುಂಪಿಯಾ ಇದ್ದೇ ಇರುತ್ತದೆ. ಚೀನಾದ ಫುಜಿಯಾನ್ ಕಡೆಯ ವಲಸಿಗರು ತಂದ ಈ ಸುರುಳಿ ತಿಂಡಿ ಈಗ ಪೂರ್ತಿ ಅಲ್ಲಿಯದೇ ಆಗಿಬಿಟ್ಟಿದೆ. ಕರಿಯುವ ಬಗೆಗಳಲ್ಲಿ ಲುಂಪಿಯಾಂಗ್ ಶಾಂಘೈ ತುಂಬಾ ಜನಪ್ರಿಯ. ಹಂದಿ ಖೀಮಾಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಕಲಸಿ, ತೆಳುವಾದ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಎಣ್ಣೆಗೆ ಬಿಡುತ್ತಾರೆ. ಸಾಮಾನ್ಯವಾಗಿ ಖೀಮಾವನ್ನು ಮೊದಲೇ ಬೇಯಿಸಿರುವುದಿಲ್ಲ. ಹಾಗಾದರೆ ಹಾಳೆ ಸೀದುಹೋಗುವ ಮುಂಚೆ ಒಳಗಿನ ಹಸಿಮಾಂಸ ಬೇಯಬೇಕಲ್ವಾ?

ಅದಕ್ಕೇ ಅದನ್ನು ಬೆರಳು ಗಾತ್ರಕ್ಕೆ ಸುತ್ತುವುದು. ಬಿಸಿ ನಡುಭಾಗಕ್ಕೆ ತಲುಪುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸುರುಳಿ ಎರಡು ಪಟ್ಟು ದಪ್ಪವಾದರೆ ಬೇಯಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಖೀಮಾ ಒಳಗೆಲ್ಲ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸುರಕ್ಷಿತ. ಬೆರಳು ಗಾತ್ರದ ಸುರುಳಿಯಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಆಸೆಗೆ ಹೂರಣ ಜಾಸ್ತಿ ತುಂಬಿದರೆ ಹೊರಗೆ ಕಪ್ಪು, ಒಳಗೆ ಹಸಿ.

ಸುಮಾರು 175 ಡಿಗ್ರಿಯ ಎಣ್ಣೆಗೆ ಸುರುಳಿ ಬಿದ್ದ ಕೂಡಲೇ ಚುರ್ ಅಂತ ಗುಳ್ಳೆ ಏಳುತ್ತವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಹಾಳೆಯಲ್ಲಿರುವ ನೀರು. ಆವಿ ರಭಸದಿಂದ ಹೊರಗೆ ನುಗ್ಗುವಾಗ ಎಣ್ಣೆಗೆ ಒಳಗೆ ದಾರಿ ಸಿಗುವುದಿಲ್ಲ. ನೀರು ಇರುವತನಕ ಹಾಳೆ 100 ಡಿಗ್ರಿ ದಾಟುವುದೂ ಕಷ್ಟ. ಅದು ಒಣಗಿದ ಮೇಲೆ ಬಿಸಿ ಏರಿ, ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಸೇರಿ ಹೊಂಬಣ್ಣವೂ ಆ ಘಮವೂ ಹುಟ್ಟುತ್ತವೆ. ಇದೇ ಮೆಯಾರ್ ಕ್ರಿಯೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೆಯಾರ್ 1912ರಲ್ಲಿ ಇದನ್ನು ವಿವರಿಸಿದ್ದರು.

ಬಾಣಲೆಯಿಂದ ತೆಗೆದ ಮೇಲೆ ಆಗುವುದನ್ನು ತುಂಬಾ ಜನ ಗಮನಿಸುವುದಿಲ್ಲ. ಸುರುಳಿ ತಣಿಯುತ್ತಾ ಹಾಳೆಯ ಸಣ್ಣ ಸಂದುಗಳಲ್ಲಿದ್ದ ಆವಿ ಮತ್ತೆ ನೀರಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ. ಆಗ ಮೈಗೆ ಅಂಟಿದ್ದ ಎಣ್ಣೆ ಒಳಗೆ ಸೆಳೆಯಲ್ಪಡುತ್ತದೆ. ಎಣ್ಣೆ ಹೀರುವ ಕೆಲಸದ ದೊಡ್ಡ ಪಾಲು ನಡೆಯುವುದು ಈಗಲೇ. ಆದ್ದರಿಂದ ಬಿಸಿಯಿರುವಾಗಲೇ ಜಾಲರಿ ಮೇಲೆ ನೆಟ್ಟಗೆ ನಿಲ್ಲಿಸಿ ಎಣ್ಣೆ ಇಳಿಸಬೇಕು. ತಟ್ಟೆ ಮುಚ್ಚಿಟ್ಟರಂತೂ ಹೂರಣದ ಆವಿಯೆಲ್ಲ ಹಾಳೆಗೇ ಇಳಿದು, ಮಳೆಗಾಲದಲ್ಲಿ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಸಿಹಿಹುಳಿ ಸಾಸ್ ಅಥವಾ ಖಾರದ ವಿನೆಗರನ್ನು ಮೇಲೆ ಸುರಿಯದೆ ಪಕ್ಕದ ಬಟ್ಟಲಲ್ಲಿ ಕೊಡುವುದು ಇದಕ್ಕೂ ಒಳ್ಳೆಯದು. ತಿನ್ನುವ ಕ್ಷಣದಲ್ಲಿ ಅದ್ದಿದರಾಯಿತು.

ಹಬ್ಬಕ್ಕೆ ಮುಂಚೆ ಮನೆಮಂದಿಯೆಲ್ಲ ಕೂತು ರಾಶಿ ಸುರುಳಿ ಸುತ್ತಿ ಫ್ರೀಜರ್‌ಗೆ ಹಾಕಿಡುತ್ತಾರೆ. ಕರಿಯುವಾಗ ಅದನ್ನು ಕರಗಲು ಬಿಡುವುದಿಲ್ಲ, ಬಿಟ್ಟರೆ ಹೂರಣದ ನೀರು ಇಳಿದು ಹಾಳೆ ಹರಿದುಹೋಗುತ್ತದೆ. ಗಟ್ಟಿಯಾಗಿರುವಾಗಲೇ ಎಣ್ಣೆಗೆ ಬಿಡುತ್ತಾರೆ, ಆದರೆ ಒಂದು ಸಲಕ್ಕೆ ಸ್ವಲ್ಪವೇ. ಒಟ್ಟಿಗೆ ಜಾಸ್ತಿ ಹಾಕಿದರೆ ಎಣ್ಣೆ ತಣಿದು, ಆವಿಯ ರಭಸ ತಗ್ಗಿ, ಸುರುಳಿ ಜಿಡ್ಡಾಗುತ್ತದೆ.