ಅಘನಾಶಿನಿ ಅಳಿವೇಲಿ ಹಕ್ಕಿ ನೋಡೋಕೆ ಅಲಾರಂ ಸಾಲಲ್ಲ, ತಿಥಿ ನೋಡಿ

ಕುಮಟಾ ಕಡೆ ಹಕ್ಕಿ ನೋಡೋಕೆ ಬರೋರೆಲ್ಲ ಕೇಳೋದು ಒಂದೇ, ಬೆಳಗ್ಗೆ ಎಷ್ಟು ಗಂಟೆಗೆ ಹೋಗ್ಬೇಕು ಅಂತ. ಕಾಡು ಹಕ್ಕಿಗಾದ್ರೆ ಸರಿ, ಆದ್ರೆ ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಯ ಕೆಸರಲ್ಲಿ ಮೇಯೋ ಹಕ್ಕಿಗೆ ಸೂರ್ಯ ಅಷ್ಟು ಮುಖ್ಯ ಅಲ್ಲ, ನೀರು ಇಳಿದ್ರೆ ಊಟ, ಏರಿದ್ರೆ ನಿದ್ದೆ. ರಾತ್ರಿ ಇಳಿತ ಇದ್ರೆ ರಾತ್ರೀನೇ ಮೇಯ್ತವೆ.

ಹೆಚ್ಚುಕಮ್ಮಿ 24 ಗಂಟೆ 50 ನಿಮಿಷದಲ್ಲಿ ಎರಡು ಭರತ, ಎರಡು ಇಳಿತ. ಅಂದ್ರೆ ಇವತ್ತಿನ ಟೈಮಿಗೆ ನಾಳೆ ಹೋದ್ರೆ ಭರತ, ಇಳಿತ ಸುಮಾರು 50 ನಿಮಿಷ ತಡವಾಗಿರುತ್ತೆ. ಅಮಾಸೆ ಹುಣ್ಣಿಮೆಗೆ ಸೂರ್ಯ ಚಂದ್ರ ಭೂಮಿ ಒಂದೇ ಸಾಲಿಗೆ ಬಂದು ಎಳೆತ ಒಟ್ಟಾಗೋದ್ರಿಂದ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ, ನಮ್ಮ ಕರಾವಳೀಲಿ ಆಗ ಬೆಳಗಿನ ಜಾವಕ್ಕೇ ಕೆಸರು ಬಯಲಾಗಿರುತ್ತೆ. ಅಷ್ಟಮಿ ಆಸುಪಾಸಲ್ಲಿ ಅದೇ ಹೊತ್ತಿಗೆ ಹೋದ್ರೆ ನೀರು ಏರಿರುತ್ತೆ, ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ ಮೇಲೆ ಒಂಟಿ ಕಾಲಲ್ಲಿ ನಿಂತು ತೂಕಡಿಸೋ ಹಕ್ಕಿಗಳಷ್ಟೇ ಸಿಗೋದು. ಕೆಸರಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕೋ ಹೆಂಗಸರಿಗೆ ಇದೆಲ್ಲ ಬಾಯಿಪಾಠ. ಹಕ್ಕಿ ನೋಡೋಕೆ ಕೆಸರಿಗೆ ಇಳಿಯೋಕೆ ಹೊರಟವರೊಬ್ಬರಿಗೆ ಆ ಹೆಂಗಸರಲ್ಲೊಬ್ರು ಹೇಳಿದ್ದು: "ತಮಾ, ಅಲ್ಲೇ ಕೂತ್ಕೊ. ನೀರು ಏರ್ತಾ ಬಂದಂಗೆ ಹಕ್ಕಿನೇ ನಿನ್ ಕಡೆ ಬತ್ತದೆ." ನಿಜ, ಭರತ ಶುರುವಾದ್ರೆ ಮೇಯೋ ಜಾಗ ಕಿರಿದಾಗ್ತಾ ಅವು ದಡಕ್ಕೇ ಬರ್ತವೆ, ಬೈನಾಕ್ಯುಲರ್ ಇಲ್ದೆನೂ ನೋಡಬಹುದು.

ಹತ್ರ ಬಂದಾಗ ಹಕ್ಕಿಗಿಂತ ಅದರ ಊಟದ ರೀತಿ ನೋಡಿ. ಪ್ಲೋವರ್‌ ಅನ್ನೋ ಸಣ್ಣ ಹಕ್ಕಿಗಳದ್ದು ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡಿ ಮಕ್ಕಳ ಸ್ಟ್ಯಾಚ್ಯೂ ಆಟದ ಹಾಗೆ ಗಕ್ಕಂತ ನಿಲ್ತವೆ, ಕೆಸರ ಮೇಲೆ ಹುಳ ಅಲುಗಿದ್ದು ಕಂಡ್ರೆ ಮಾತ್ರ ಕುಟುಕು. ಕರ್ಲ್ಯೂ ಅನ್ನೋ ದೊಡ್ಡ ಹಕ್ಕಿ ಹಾಗಲ್ಲ, ಅದರ ಬಗ್ಗಿದ ಕೊಕ್ಕು 15 ಸೆಂ.ಮೀ. ವರೆಗೂ ಇರುತ್ತೆ, ಕೆಸರೊಳಗೆ ಕಣ್ಣಿಗೆ ಕೆಲಸವೇ ಇಲ್ಲ. ಸ್ಯಾಂಡ್‌ಪೈಪರ್, ಕರ್ಲ್ಯೂ ಕುಟುಂಬದ ಹಕ್ಕಿಗಳ ಕೊಕ್ಕಿನ ತುದೀಲಿ ಮೂಳೆಯಲ್ಲಿ ಸಣ್ಣ ಗುಳಿಗಳು, ಅದರೊಳಗೆ ಒತ್ತಡ, ಕಂಪನ ಗ್ರಹಿಸೋ ನರತುದಿಗಳು ಇವೆ. ಅದಕ್ಕಿಂತ ನಂಗೆ ಇಷ್ಟವಾದ ಸಂಗತಿ, ಉದ್ದ ಕೊಕ್ಕಿನ ಹಲವು ಹಕ್ಕಿಗಳು ಬುಡ ಮುಚ್ಚಿಕೊಂಡೇ ಮೇಲಿನ ಕೊಕ್ಕಿನ ತುದಿ ಮಾತ್ರ ಬಗ್ಗಿಸಿ ತೆರೀಬಲ್ಲವು, ಇಲ್ದಿದ್ರೆ ಅಷ್ಟು ಆಳದ ಗಟ್ಟಿ ಕೆಸರಲ್ಲಿ ಪೂರ್ತಿ ಬಾಯಿ ಬಿಡೋದು ಹೇಗೆ ಹೇಳಿ?

ಕೆಂಪು ಕಾಲಿನ ರೆಡ್‌ಶ್ಯಾಂಕ್ ಇದ್ರೆ ಸ್ವಲ್ಪ ಹುಷಾರು, ಅದು ಕಿರುಚಿ ಹಾರಿದ್ರೆ ಉಳಿದವೂ ಹಾರ್ತವೆ.

ಅಂದಹಾಗೆ ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಶಿರಸಿ ಕಡೆ ಹುಟ್ಟೋ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಮಳೆಗಾಲದ ಹೂಳು ನಡುವೆ ಎಲ್ಲೂ ನಿಲ್ಲದೆ ಕೆಳಗೆ ಬರುತ್ತೆ. ಆ ಹೂಳೇ ಈ ಕೆಸರು, ಬಳಚಿಗೂ ಹುಳಕ್ಕೂ ಮನೆ.

ಚಳಿಗಾಲದಲ್ಲಿ ಪ್ಲೋವರ್‌ಗಳಲ್ಲಿ ಹೆಚ್ಚಿನವು ಒಂದೇ ಬೂದುಕಂದು, ಗುರುತು ಹಿಡಿಯೋದು ತಲೆನೋವು. ಏಪ್ರಿಲ್ ಹೊತ್ತಿಗೆ ಹೋಗಿ, ಲಡಾಖ್, ಟಿಬೆಟ್ ಕಡೆ ಮರಿ ಮಾಡೋಕೆ ಹೊರಡೋ ಸ್ಯಾಂಡ್ ಪ್ಲೋವರ್‌ಗಳ ಎದೆ ಮೇಲೆ ಆಗ ಕಿತ್ತಳೆ ಪಟ್ಟಿ ಬಂದಿರುತ್ತೆ. ಹುಣ್ಣಿಮೆ ಯಾವಾಗ ಅಂತ ಕ್ಯಾಲೆಂಡರಲ್ಲಿ ನೋಡ್ಕೊಂಡು ಹೊರಡಿ.