ಮೆತ್ತಗಿನ ಸೀಟೇ ಸೊಂಟ ಮುರಿಯುತ್ತದೆ

ಹಳೇ ಜಾವಾ, ಯೆಜ್ಡಿ, ಬುಲೆಟ್ ಬೈಕ್ ಇಟ್ಟುಕೊಂಡವರು ದಾವಣಗೆರೆ, ಚಿತ್ರದುರ್ಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವ ಪೈಕಿ. ಆದರೆ ಸೀಟಿನ ವಿಷಯ ಬಂದರೆ ಎಲ್ಲರದ್ದೂ ಒಂದೇ ಮಾತು: "ಇನ್ನೊಂದಿಷ್ಟು ಸ್ಪಂಜ್ ಹಾಕ್ಸಿಬಿಡಿ, ಮೆತ್ತಗಾಗುತ್ತೆ." ಹಾಕಿಸುತ್ತಾರೆ. ಕುಶನ್ ಅಂಗಡಿ ಮುಂದೆ ಕೂತು ನೋಡಿದಾಗ ಹಾಯೆನಿಸುತ್ತದೆ. ದಾವಣಗೆರೆ ಬಿಟ್ಟು ಭರಮಸಾಗರ ಮುಟ್ಟುವ ಹೊತ್ತಿಗೆ ಸೊಂಟ ಹಿಡಿದಿರುತ್ತದೆ. ಆಗ ಗಾಡಿಯನ್ನು ಬೈಯುತ್ತಾರೆ, ರಸ್ತೆಯನ್ನು ಬೈಯುತ್ತಾರೆ, ವಯಸ್ಸಾಯಿತು ಅನ್ನುತ್ತಾರೆ. ಸ್ಪಂಜನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ.

ನನಗೆ ಇದು ಸಹಿಸಲಾಗದ ವಿಷಯ. ಯಾಕೆಂದರೆ ಇದರ ಹಿಂದಿರುವ ವಿಜ್ಞಾನ ಬಹಳ ಸೊಗಸಾದದ್ದು. ಲೆಕ್ಕವೂ ಹೈಸ್ಕೂಲು ಮಟ್ಟದ್ದು.

ಪಂಚಮಿ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಜೋಕಾಲಿಗೆ ಅದರದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ಒಂದು ಬೆರಳಲ್ಲಿ ತಳ್ಳುತ್ತಾ ಬಂದರೂ ಸಾಕು, ಅದು ಮರದ ಕೊಂಬೆ ಮುಟ್ಟುತ್ತದೆ. ಲಯ ತಪ್ಪಿ ಗಡಿಬಿಡಿಯಲ್ಲಿ ಎಷ್ಟೇ ಜೋರಾಗಿ ತಳ್ಳಿದರೂ ಇದ್ದಲ್ಲೇ ನಡುಗುತ್ತದೆ ಅಷ್ಟೇ. ಅನುರಣನ ಅಂದರೆ ಇದೇ. ನಮ್ಮ ದೇಹಕ್ಕೂ ಹೀಗೆ ಸ್ವಂತ ಲಯ ಇದೆ. ನೆಟ್ಟಗೆ ಕೂತ ಮನುಷ್ಯನ ಮುಂಡ, ಹೊಟ್ಟೆ, ಬೆನ್ನುಮೂಳೆ ಎಲ್ಲ ಸೇರಿ ಮೇಲೆ ಕೆಳಗೆ ಆಡುವ ಲಯ ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಸೆಕೆಂಡಿಗೆ 5 ಸಲ, ಅಂದರೆ 5 ಹರ್ಟ್ಸ್ ಅಂತ ಇಟ್ಟುಕೊಳ್ಳೋಣ. ಕೆಳಗಿನಿಂದ ಈ ಲಯದಲ್ಲಿ ತಳ್ಳು ಬಂದರೆ ದೇಹ ಅದನ್ನು ಹಿಗ್ಗಿಸಿಕೊಳ್ಳುತ್ತದೆ. ಸೀಟು ಆಡಿದ್ದಕ್ಕಿಂತ ಎದೆ, ಹೊಟ್ಟೆ ಜಾಸ್ತಿ ಆಡುತ್ತವೆ. ಸೊಂಟದ ಸ್ನಾಯುಗಳು ಅದನ್ನು ತಡೆಯಲು ಬಿಗಿಯಾಗುತ್ತವೆ, ದಣಿಯುತ್ತವೆ. ಭರಮಸಾಗರದ ಹೊತ್ತಿಗೆ ಶುರುವಾಗುವ ನೋವು ಬಹುಪಾಲು ಇದೇ.

ಹಾಗಾದರೆ ಎಂಜಿನ್ ನಡುಕ? ಒಂದು ಸಿಲಿಂಡರಿನ ಬುಲೆಟ್ 3000 ಆರ್‌ಪಿಎಂನಲ್ಲಿ ಓಡಿದರೆ, ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಅದು ಸೆಕೆಂಡಿಗೆ 50 ಸಲ. ಸೀಟು ಅದನ್ನು ಸುಲಭವಾಗಿ ನುಂಗುತ್ತದೆ. ಅದು ಕಾಡುವುದು ಅಂಗೈಗೆ, ಪಾದಕ್ಕೆ. ಬೆನ್ನಿನ ಶತ್ರು ರಸ್ತೆಯ ನಿಧಾನದ ಏರಿಳಿತ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಮೀಟರಿಗೊಂದು ಚಿಕ್ಕ ಉಬ್ಬು ಸಿಕ್ಕರೆ ಅಲ್ಲಿಗೆ 5 ಹರ್ಟ್ಸ್ ದಾಟಿತು. ಜಗಳೂರು, ಹೊಳಲ್ಕೆರೆ ಕಡೆಯ ಒಳದಾರಿಗಳಲ್ಲಿ ಇಂಥ ಉಬ್ಬುಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹಳೇ ಕಾಲದ ಸ್ಪ್ರಿಂಗ್ ಸೀಟಿಗೂ ತನ್ನದೇ ಲಯ ಇರುತ್ತದೆ. ಅದು ಎಷ್ಟು ಅಂತ ತಿಳಿಯಲು ಯಾವ ಯಂತ್ರವೂ ಬೇಡ, ಒಂದು ಟೇಪು ಸಾಕು. ನೀವು ಕೂತಾಗ ಸೀಟು ಎಷ್ಟು ಸೆಂಟಿಮೀಟರ್ ಕುಸಿಯಿತು ಅಂತ ಅಳೆಯಿರಿ. ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿ. ಬಂದದ್ದೇ ಸೀಟಿನ ಲಯ, ಹರ್ಟ್ಸ್‌ನಲ್ಲಿ. ನಿಮ್ಮ ತೂಕ ಬೇಡ, ಸ್ಪ್ರಿಂಗಿನ ದಪ್ಪ ಬೇಡ. ಎರಡೂ ಆ ಕುಸಿತದೊಳಗೇ ಅಡಗಿವೆ!

1 ಸೆಂ.ಮೀ. ಕುಸಿದರೆ ಲಯ 5 ಹರ್ಟ್ಸ್. ಅಂದರೆ ನೇರವಾಗಿ ದೇಹದ ಲಯಕ್ಕೇ ಹೋಗಿ ಕೂತಿತು. ಇದಕ್ಕಿಂತ ಕೆಟ್ಟ ಸೀಟಿಲ್ಲ. 2 ಸೆಂ.ಮೀ. ಕುಸಿದರೆ ಮೂರೂವರೆ ಹರ್ಟ್ಸ್. ಆಗ ರಸ್ತೆಯ 5 ಹರ್ಟ್ಸ್ ಹೊಡೆತ ಕಡಿಮೆಯೂ ಆಗದೆ, ಹೆಚ್ಚೂ ಆಗದೆ ಇದ್ದ ಹಾಗೇ ದಾಟುತ್ತದೆ. ಸ್ಪ್ರಿಂಗ್ ಇದ್ದೂ ಇಲ್ಲದ ಲೆಕ್ಕ. 4 ಸೆಂ.ಮೀ. ಕುಸಿದರೆ ಎರಡೂವರೆ ಹರ್ಟ್ಸ್, ಮತ್ತು ಅದೇ ಹೊಡೆತದ ಮೂರನೇ ಒಂದು ಪಾಲು ಮಾತ್ರ ನಿಮಗೆ ತಲುಪುತ್ತದೆ. ಇದು ಆದರ್ಶ ಸ್ಪ್ರಿಂಗಿನ ಲೆಕ್ಕ ನಿಜ. ಆದರೆ ದಾರಿ ತೋರಿಸಲು ಇಷ್ಟು ಸಾಕು. 90 ಕಿಲೋ ಮನುಷ್ಯನಿಗೆ ಸುತ್ತಿದ ಸ್ಪ್ರಿಂಗಿನ ಮೇಲೆ 50 ಕಿಲೋ ಹುಡುಗ ಕೂತರೆ ಯಾಕೆ ಒದೆ ತಿನ್ನುತ್ತಾನೆ ಅಂತ ಈಗ ಗೊತ್ತಾಯಿತಲ್ವಾ?

ಒಂದು ಎಚ್ಚರಿಕೆಯೂ ಇದೆ. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಜಾಯಿಂಟ್ ಬರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸರಿಯಾಗಿ ಎರಡೂವರೆ ಹರ್ಟ್ಸ್. 4 ಸೆಂ.ಮೀ. ಕುಸಿಯುವ ಸ್ಪ್ರಿಂಗ್ ಸೀಟು ಊರೊಳಗಿನ ಇಂಥ ರಸ್ತೆಯಲ್ಲಿ ಕುಣಿಯತೊಡಗಿದರೆ ಸ್ಪ್ರಿಂಗ್ ಕೆಟ್ಟಿದೆ ಅಂದುಕೊಳ್ಳಬೇಡಿ. ವೇಗವನ್ನು 30ಕ್ಕೆ ಇಳಿಸಿ, ಇಲ್ಲವೇ 50ಕ್ಕೆ ಏರಿಸಿ. ಕುಣಿತ ತಗ್ಗುತ್ತದೆ.

ಮೊದಲಿನವರಿಗೆ ಇದು ಅನುಭವದಿಂದಲೇ ಗೊತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚರ್ಮದ ಸಾಮಾನು ಮಾಡುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದರು. ಅವರ ಕುದುರೆ ಸತ್ತಿತ್ತು, ಎರವಲು ಸೈಕಲ್ಲಿನ ಸೀಟು ಚುಚ್ಚುತ್ತಿತ್ತು, ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದರು ಎಂಬ ಕಥೆ ಇದೆ. ಬಿಗಿಯಾಗಿ ಎಳೆದು ಕಟ್ಟಿದ ಚರ್ಮ, ಅದರ ಕೆಳಗೆ ಸ್ಪ್ರಿಂಗು. ಇದೇ ಮಾದರಿ ಮೋಟಾರ್ ಸೈಕಲ್ಲಿಗೂ ಬಂತು. ಆ ಕಾಲದ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಚಕ್ರ ಚಾಸಿಗೇ ಬಿಗಿದಿರುತ್ತಿತ್ತು, ಶಾಕ್ ಅಬ್ಸಾರ್ಬರ್ ಅನ್ನುವುದೇ ಇಲ್ಲ. ಹಾಗಾಗಿ ಹಿಂದಿನ ಚಕ್ರದ ಹೊಡೆತಕ್ಕೆ ಸವಾರನಿಗೆ ಇದ್ದ ಒಂದೇ ಸಸ್ಪೆನ್ಷನ್ ಅಂದರೆ ಸೀಟು. 1946ರ ಜಾವಾ ಪೆರಾಕ್‌ನಲ್ಲಿ ಹಿಂದಿನ ಚಕ್ರ ಸ್ಪ್ರಿಂಗಿನ ಆಧಾರದಲ್ಲಿ ಮೇಲೆ ಕೆಳಗೆ ಜಾರುವ ಪ್ಲಂಜರ್ ಬಂತು. ಬುಲೆಟ್ಟಿಗೆ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು, ಬಂತು. 1950ರಲ್ಲಿ ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಮಾಡಿಕೊಟ್ಟ ಹೊಸ ಚಾಸಿ ನಾರ್ಟನ್ ಕಂಪನಿಯ ರೇಸ್ ಗಾಡಿಗೆ ಸೇರಿತು. ಅದನ್ನು ಓಡಿಸಿದ ಹೆರಾಲ್ಡ್ ಡೇನಿಯಲ್ ಇದು ಗರಿಯ ಹಾಸಿಗೆ ಇದ್ದಂತಿದೆ ಅಂದರು. ಆ ಸುಖ ಬಂದದ್ದು ಚಾಸಿಯಿಂದ. ಸೀಟಿನ ಕೆಲಸ ಅಲ್ಲಿಂದ ಮುಂದೆ ಬದಲಾಯಿತು. 1955ರಿಂದ ಮದ್ರಾಸಿನಲ್ಲಿ ಜೋಡಣೆಯಾದ ಬುಲೆಟ್ಟುಗಳು, 1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾಗಳು, ಆಮೇಲಿನ ಯೆಜ್ಡಿಗಳು ಎಲ್ಲ ಈ ಹೊಸ ಕಾಲದವು.

ಆದ್ದರಿಂದ ನಿಮ್ಮ ಗಾಡಿಗೆ ಹಿಂದೆ ಸ್ವಿಂಗ್ ಆರ್ಮ್ ಇದ್ದರೆ, ಸುಮ್ನೆ ಚೆಂದಕ್ಕೆ ಅಂತ ಒಬ್ಬರೇ ಕೂರುವ ಸ್ಪ್ರಿಂಗ್ ಸೀಟು ಹಾಕಿಸಬೇಡಿ. ಕೆಳಗಿನದೊಂದು ಸ್ಪ್ರಿಂಗು, ಮೇಲಿನದೊಂದು ಸ್ಪ್ರಿಂಗು. ಮೇಲಿನದಕ್ಕೆ ಆಟ ತಡೆಯುವ ಡ್ಯಾಂಪರ್ ಇರುವುದಿಲ್ಲ. ಒಂದು ಹಂಪ್ ದಾಟಿದ ಮೇಲೂ ನೀವು ಕುಪ್ಪಳಿಸುತ್ತಲೇ ಇರುತ್ತೀರಿ. ಅಲ್ಲಿ ಸೀಟು ಮಾಡಬೇಕಾದ ಮುಖ್ಯ ಕೆಲಸ ತೂಕವನ್ನು ಹರಡುವುದು.

ಹರಡುವ ಲೆಕ್ಕವನ್ನೂ ನೋಡೋಣ. ಕೂತಾಗ ತೂಕ ಬೀಳುವುದು ಮುಖ್ಯವಾಗಿ ಪೃಷ್ಠದೊಳಗಿನ ಎರಡು ಮೂಳೆಗಳ ಮೇಲೆ. ಅವುಗಳ ನಡುವೆ ಸುಮಾರು 10ರಿಂದ 14 ಸೆಂ.ಮೀ. ಅಂತರ. ಸೀಟಿನ ಮೇಲೆ 42 ಕಿಲೋ ಬಿತ್ತು, ಅದು 400 ಚದರ ಸೆಂ.ಮೀ. ಜಾಗದಲ್ಲಿ ಹರಡಿತು ಅಂದುಕೊಳ್ಳಿ. ಒತ್ತಡ ರಕ್ತದೊತ್ತಡ ಅಳೆಯುವ ಮಾಪನದಲ್ಲಿ 77 ಬರುತ್ತದೆ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಅಂತ 1930ರಲ್ಲೇ ಯೂಜೀನ್ ಲ್ಯಾಂಡಿಸ್ ಅಳೆದು ತೋರಿಸಿದ್ದಾರೆ. ಅಂದರೆ ಕೂತ ಜಾಗದಲ್ಲಿ ರಕ್ತ ಓಡಾಡುವುದು ಕಷ್ಟ. ಜೋಮು ಹಿಡಿಯುವುದು, ಉರಿಯುವುದು ಇದರಿಂದ. ನಮ್ಮಲ್ಲಿ ಇದಕ್ಕೆ "ಗಾಡಿ ಓಡಿಸಿ ಉಷ್ಣ ಆಗಿದೆ" ಅಂತ ಹೆಸರಿಟ್ಟು ಮಜ್ಜಿಗೆ ಕುಡಿಸುತ್ತಾರೆ, ತಲೆಗೆ ಹರಳೆಣ್ಣೆ ತಟ್ಟುತ್ತಾರೆ. ಮಜ್ಜಿಗೆ ಬಾಯಾರಿಕೆಗೆ ಒಳ್ಳೆಯದು, ಕುಡಿಯಿರಿ. ಆದರೆ ಒತ್ತಿ ಹಿಡಿದ ರಕ್ತನಾಳವನ್ನು ಅದು ಬಿಡಿಸುವುದಿಲ್ಲ. ಅರ್ಧ ಗಂಟೆಗೊಮ್ಮೆ ನೇರ ದಾರಿಯಲ್ಲಿ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದಿಷ್ಟು ಮೇಲೆದ್ದರೆ ಬಿಡಿಸುತ್ತದೆ. ಉಷ್ಣ ಅಂತ ನಂಬಿದವರು ಸೀಟು ಸರಿ ಮಾಡಿಸುವುದೇ ಇಲ್ಲ. ವರ್ಷಗಟ್ಟಲೆ ನೋವು ತಿನ್ನುತ್ತಾರೆ. ನನ್ನ ಕಳವಳ ಅದೇ.

ಈಗ ಸ್ಪಂಜಿಗೆ ಬರೋಣ. ಒಟ್ಟೋ ಬೇಯರ್ 1937ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಪಾಲಿಯುರೆಥೇನ್‌ನ ಮಗ ಈ ಫೋಮು. ಅದರ ತುಂಬಾ ಗಾಳಿಯ ಕೋಶಗಳು. ಒತ್ತಿದರೆ ಮೊದಲು ಸ್ವಲ್ಪ ಸೆಟೆಯುತ್ತದೆ. ಆಮೇಲೆ ಕೋಶಗಳ ಗೋಡೆಗಳು ಬಾಗಿ ಸಲೀಸಾಗಿ ಕುಗ್ಗುತ್ತದೆ. ಇನ್ನೂ ಒತ್ತಿದರೆ ಗೋಡೆಗೆ ಗೋಡೆ ತಾಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ತೀರಾ ಮೆತ್ತಗಿನ ಫೋಮು ನೀವು ಕೂತ ಕೂಡಲೇ ಈ ಮೂರನೇ ಹಂತಕ್ಕೆ ಹೋಗಿರುತ್ತದೆ. ಆಮೇಲೆ ಹೊಂಡ ಬಂದಾಗ ಕುಗ್ಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಹೊಡೆತ ಕೆಳಗಿನ ತಗಡಿನಿಂದ ನೇರ ಮೂಳೆಗೆ.

ಅಂಗಡಿಯಲ್ಲಿ "40 ಡೆನ್ಸಿಟಿ" ಅಂದರೆ ಗಟ್ಟಿ ಅಂತ ತಿಳಿಯುವುದು ಇನ್ನೊಂದು ತಪ್ಪು. ಒಂದು ಘನ ಮೀಟರ್ ಫೋಮು 40 ಕಿಲೋ ತೂಗುತ್ತದೆ ಅನ್ನುವುದಷ್ಟೇ ಅದರ ಅರ್ಥ. 10 ಸೆಂ.ಮೀ. ಉದ್ದ, ಅಗಲ, ಎತ್ತರದ ತುಂಡು ಕತ್ತರಿಸಿ ತೂಗಿ. 40 ಗ್ರಾಂ ಬರಬೇಕು. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಗಡಸು ಬೇರೆಯೇ ಗುಣ. ಅದನ್ನು ಕೂತೇ ನೋಡಬೇಕು. ಕೂತ ಮೇಲೆ ಫೋಮಿನ ಅರ್ಧದಷ್ಟಾದರೂ ದಪ್ಪ ಉಳಿದಿರಲಿ. ಮೆಮೊರಿ ಫೋಮ್ ಆಸೆಗೆ ಬೀಳಬೇಡಿ. 1966ರಲ್ಲಿ ನಾಸಾಕ್ಕಾಗಿ ವಿಮಾನದ ಸೀಟಿಗೆ ಅಂತ ಹುಟ್ಟಿದ ವಸ್ತು ಅದು. ಬಿಸಿಯಾದಷ್ಟೂ ಮೆತ್ತಗಾಗುವುದು ಅದರ ಗುಣ. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ, ಕಪ್ಪು ರೆಕ್ಸಿನ್ ಕೆಳಗೆ ಅದರ ಗತಿ ಏನಾಗುತ್ತದೆ ಅಂತ ಊಹಿಸಬಹುದು.

ಅದರ ಬದಲು ಸೀಟಿನ ಮೇಲೆ ಚಳ್ಳಕೆರೆ ಕಂಬಳಿಯ ಒಂದು ತುಂಡು ಮಡಚಿ ಕಟ್ಟಿ ನೋಡಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ. ಎಳೆಗಳ ನಡುವೆ ಗಾಳಿ ಆಡುತ್ತದೆ. ಬೆವರಿನಿಂದ ಚರ್ಮ ಮೆತ್ತಗಾಗಿ ಉಜ್ಜಿ ಕೀಳುವುದು ತಪ್ಪುತ್ತದೆ.

ಕುಶನ್ ಅಂಗಡಿಗೆ ಹೋದಾಗ ಮೇಸ್ತ್ರಿಗೆ ಎರಡು ಮಾತು ಹೇಳಿ. ಸೀಟಿನ ಹಿಂಭಾಗ ಎರಡೂ ಮೂಳೆ ಪೂರ್ತಿ ಕೂರುವಷ್ಟು ಅಗಲ, ಸಪಾಟಾಗಿರಲಿ, ಮುಂದೆ ತೊಡೆಯ ಹತ್ತಿರ ಕಿರಿದಾಗಲಿ. ಇನ್ನೊಂದು, ರೆಕ್ಸಿನ್ ಹೊಲಿಗೆ. ಅಂದಕ್ಕೆ ಅಂತ ಅಡ್ಡಡ್ಡ ಗೆರೆ ಹೊಲಿಯುತ್ತಾರೆ. ಆ ಗಂಟು ಮೂಳೆ ಕೂರುವ ಜಾಗಕ್ಕೆ ಬರಬಾರದು. ಹೊಲಿಯುವ ಮೊದಲೇ ಫೋಮಿನ ಮೇಲೆ ಕೂತು ಎದ್ದು, ಆ ಎರಡು ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.